ಟ್ರೇಸ್‌ಗಳು ದೂರವಿದ್ದರೂ ಕ್ರಾಸ್‌ಟಾಕ್ ಬರುತ್ತಿದೆಯೇ? ವಯಾಗಳ ಕಡೆ ನೋಡಿ

ಪ್ರಶ್ನೆ: ನಮ್ಮದು 8 ಪದರದ, 1.6 ಮಿ.ಮೀ. ದಪ್ಪದ ಬೋರ್ಡ್. 1, 3, 6 ಮತ್ತು 8ನೇ ಪದರಗಳಲ್ಲಿ ಸಿಗ್ನಲ್, 2, 5, 7ರಲ್ಲಿ ಗ್ರೌಂಡ್, 4ರಲ್ಲಿ ಪವರ್. 1 ಮಿ.ಮೀ. ಪಿಚ್‌ನ ಬಿಜಿಎ (ಅಡಿಯಲ್ಲಿ ಬೆಸುಗೆ ಗುಂಡುಗಳ ಸಾಲುಗಳಿರುವ ಪ್ಯಾಕೇಜ್) ಎಫ್‌ಪಿಜಿಎಯಿಂದ (ಬೇಕಾದಂತೆ ಪ್ರೋಗ್ರಾಮ್ ಮಾಡಬಹುದಾದ ಚಿಪ್) ಹೊರಡುವ ಎರಡು ಸಿಗ್ನಲ್‌ಗಳು ಅಕ್ಕಪಕ್ಕದ ವಯಾಗಳ (ಪದರಗಳನ್ನು ಕೂಡಿಸುವ, ತಾಮ್ರ ಲೇಪಿತ ತೂತುಗಳು) ಮೂಲಕ 1ನೇ ಪದರದಿಂದ 6ನೇ ಪದರಕ್ಕೆ ಇಳಿಯುತ್ತವೆ. ಆ ವಯಾಗಳ ನಡುವೆ 1 ಮಿ.ಮೀ. ಅಂತರವಿದೆ. ಟ್ರೇಸ್‌ಗಳ (ಬೋರ್ಡಿನ ತಾಮ್ರದ ಗೆರೆಗಳು) ನಡುವೆ ಅಗಲದ ಮೂರು ಪಟ್ಟಿಗಿಂತ ಹೆಚ್ಚು ಜಾಗ ಬಿಟ್ಟಿದ್ದೇವೆ. ಆದರೂ ಒಂದು ಸಿಗ್ನಲ್ ಸ್ವಿಚ್ ಆದಾಗಲೆಲ್ಲ ಇನ್ನೊಂದರಲ್ಲಿ ನೂರು ಮಿಲಿವೋಲ್ಟ್ ಮೀರಿದ ಚೂಪಾದ ಪಲ್ಸ್, ಅಂದರೆ ಕ್ರಾಸ್‌ಟಾಕ್, ಕಾಣುತ್ತಿದೆ. ವಯಾಗಳನ್ನು ದೂರ ಸರಿಸಿದರೆ ಸಾಕೇ? ನಡುವೆ ಒಂದು ಗ್ರೌಂಡ್ ವಯಾ ಹಾಕಬೇಕೇ? ಬ್ಯಾಕ್‌ಡ್ರಿಲ್ (ವಯಾದ ಬಳಕೆಯಾಗದ ತುದಿಯನ್ನು ಕೊರೆದು ತೆಗೆಯುವುದು) ಮಾಡಿಸಬೇಕೇ? ಮುಂದಿನ ಬೋರ್ಡಿನಲ್ಲಿ ಡಿಫರೆನ್ಷಿಯಲ್ ಜೋಡಿಗಳೂ (ಒಂದೇ ಸಿಗ್ನಲನ್ನು ವಿರುದ್ಧ ಧ್ರುವತೆಯಲ್ಲಿ ಒಯ್ಯುವ ಪಿ, ಎನ್ ಎಂಬ ಎರಡು ಗೆರೆಗಳು) ಬರಲಿವೆ.

ಉತ್ತರ: ದೂರ ಸರಿಸಿದರೆ ಹೆಚ್ಚೇನೂ ಸಿಗುವುದಿಲ್ಲ. ಬ್ಯಾಕ್‌ಡ್ರಿಲ್ ನಿಮ್ಮ ಬೋರ್ಡಿಗೆ ಬೇಕಿಲ್ಲ. ಗ್ರೌಂಡ್ ವಯಾ ಖಂಡಿತ ಬೇಕು, ಆದರೆ ಎರಡರ ನಡುವೆ ಒಂದೇ ಒಂದು ಹಾಕುವುದು ಸರಿಯಾದ ಕ್ರಮವಲ್ಲ. ಪ್ರತಿ ಸಿಗ್ನಲ್ ವಯಾಗೂ ಅದರದೇ ಗ್ರೌಂಡ್ ವಯಾ ಪಕ್ಕದಲ್ಲೇ ಇರಬೇಕು. ಕಾರಣವನ್ನು ಲೆಕ್ಕದ ಸಮೇತ ನೋಡೋಣ. ಅದಕ್ಕೂ ಮುಂಚೆ ಕಳ್ಳ ವಯಾನೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಬೋರ್ಡನ್ನು ಮತ್ತೆ ಮಾಡಿಸಿದ ಖರ್ಚೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ.

ಮೊದಲ ಪರೀಕ್ಷೆ ಪಲ್ಸ್‌ನ ಅಗಲ. ಟ್ರೇಸ್‌ಗಳು ಅಕ್ಕಪಕ್ಕ ಓಡುವುದರಿಂದ ಬರುವ ನಿಯರ್-ಎಂಡ್ (ಸಿಗ್ನಲ್ ಹೊರಡುವ ಕಡೆಯ ತುದಿಯ) ಕ್ರಾಸ್‌ಟಾಕ್, ಆ ಓಟದ ಸಮಯದ ಎರಡು ಪಟ್ಟು ಹೊತ್ತು ನಿಲ್ಲುತ್ತದೆ. ಎಫ್‌ಆರ್-4ರ (ಬೋರ್ಡುಗಳ ಸಾಮಾನ್ಯ ಗಾಜು-ಎಪಾಕ್ಸಿ ವಸ್ತು) ಒಳಪದರದಲ್ಲಿ ಸಿಗ್ನಲ್ ಒಂದು ಮಿ.ಮೀ. ದಾಟಲು ಸುಮಾರು 7 ಪಿಕೋಸೆಕೆಂಡ್ ಹಿಡಿಯುತ್ತದೆ. ಟ್ರೇಸ್‌ಗಳು 50 ಮಿ.ಮೀ. ಜೊತೆಯಾಗಿ ಓಡಿದರೆ ಸುಮಾರು 700 ಪಿಕೋಸೆಕೆಂಡ್ ಅಗಲದ, ಮೇಲ್ಭಾಗ ಚಪ್ಪಟೆಯಾದ ತರಂಗ ಕಾಣಬೇಕು. ವಯಾದೊಳಗಿನ ಪಯಣ ಎಂಟು–ಒಂಬತ್ತು ಪಿಕೋಸೆಕೆಂಡ್‌ನಲ್ಲಿ ಮುಗಿಯುವುದರಿಂದ ಅಲ್ಲಿಂದ ಬರುವ ಪಲ್ಸ್‌ನ ಅಗಲ ಸಿಗ್ನಲ್‌ನ ರೈಸ್ ಟೈಮ್‌ನಷ್ಟೇ (ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರುವ ಸಮಯ) ಇರುತ್ತದೆ. ನೀವು ‘ಚೂಪಾದ’ ಎಂದು ಬರೆದಿರುವುದು ವಯಾದ ಕಡೆಗೇ ಬೊಟ್ಟು ಮಾಡುತ್ತದೆ.

ಎರಡನೆಯದಕ್ಕೆ ಉಪಕರಣವೇ ಬೇಕಿಲ್ಲ. ಎಫ್‌ಪಿಜಿಎಯಲ್ಲಿ ಆ ಪಿನ್‌ನ ಸ್ಲ್ಯೂ (ಸಿಗ್ನಲ್ ಏರಿಳಿಯುವ ವೇಗ) ಸೆಟ್ಟಿಂಗನ್ನು ಫಾಸ್ಟ್‌ನಿಂದ ಸ್ಲೋಗೆ ಬದಲಿಸಿ. ವಯಾದ ಪಲ್ಸ್ ರೈಸ್ ಟೈಮ್‌ಗೆ ವಿಲೋಮವಾಗಿ ಕುಗ್ಗುತ್ತದೆ: ಎಡ್ಜ್ (ಸಿಗ್ನಲ್ ಏರುವ ಅಥವಾ ಇಳಿಯುವ ಭಾಗ) ಎರಡು ಪಟ್ಟು ನಿಧಾನವಾದರೆ ಪಲ್ಸ್ ಅರ್ಧ. ಉದ್ದನೆಯ ಟ್ರೇಸ್ ಜೋಡಿಯ ನಿಯರ್-ಎಂಡ್ ಮಟ್ಟ ಮಾತ್ರ ಸ್ಲ್ಯೂ ಬದಲಾದರೂ ಹಾಗೇ ನಿಲ್ಲುತ್ತದೆ. ಜೊತೆಗೆ ಫಾರ್-ಎಂಡ್‌ನಲ್ಲಿ (ಸಿಗ್ನಲ್ ತಲುಪುವ ಕಡೆಯ ತುದಿ) ಪಲ್ಸ್ ಯಾವ ದಿಕ್ಕಿಗೆ ಎದ್ದಿದೆ ನೋಡಿ. ಸ್ವಿಚ್ ಆಗುವ ಸಿಗ್ನಲ್ ಏರುವಾಗ ಆ ತುದಿಯಲ್ಲಿ ಪಲ್ಸ್ ಕೆಳಮುಖವಾಗಿದ್ದರೆ ಇಂಡಕ್ಟಿವ್ (ಕಾಂತಕ್ಷೇತ್ರದ ಮೂಲಕದ) ಕಪ್ಲಿಂಗ್ ಮೇಲುಗೈ ಪಡೆದಿದೆ, ಮೇಲ್ಮುಖವಾಗಿದ್ದರೆ ಕೆಪ್ಯಾಸಿಟಿವ್ (ವಿದ್ಯುತ್ ಕ್ಷೇತ್ರದ ಮೂಲಕದ). ಗ್ರೌಂಡ್ ವಯಾಗಳು ವಿರಳವಾಗಿರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇಂಡಕ್ಟಿವ್ ಭಾಗವೇ ದೊಡ್ಡದು. 1ನೇ ಪದರದ ಉದ್ದನೆಯ ಮೈಕ್ರೋಸ್ಟ್ರಿಪ್‌ನ (ಹೊರಪದರದ ಟ್ರೇಸ್) ಫಾರ್-ಎಂಡ್ ಕ್ರಾಸ್‌ಟಾಕ್ ಕೂಡ ಕೆಳಮುಖವಾಗಿಯೇ ಬರುತ್ತದೆ, ಸ್ಲ್ಯೂ ಜೊತೆ ಬದಲಾಗುತ್ತದೆ. ಹಾಗಾಗಿ ಮೇಲ್ಪದರದ ಓಟ ಕೆಲವೇ ಮಿ.ಮೀ. ಇದ್ದಾಗ ಮಾತ್ರ ಈ ದಿಕ್ಕಿನ ಪರೀಕ್ಷೆಯನ್ನು ನಂಬಿ.

ಈಗ ಕಾರಣಕ್ಕೆ ಬರೋಣ. ವಯಾ ಎಂದರೆ ಒಂದು ತಂತಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕರೆಂಟ್ ಇಳಿಯುವ ಜಾಗ ಸಿಗ್ನಲ್ ವಯಾ, ಅಷ್ಟೇ ಕರೆಂಟ್ ಮೇಲೇರುವ ಜಾಗ ಇನ್ನೊಂದು. ಇವೆರಡೂ ಸೇರಿದ ಲೂಪೇ ನಿಜವಾದ ಘಟಕ. 1ನೇ ಪದರದಲ್ಲಿ ಟ್ರೇಸ್‌ನ ರಿಟರ್ನ್ ಕರೆಂಟ್ 2ನೇ ಪದರದ ಗ್ರೌಂಡ್ ಪ್ಲೇನ್‌ನಲ್ಲಿ (ಪದರವಿಡೀ ಹರಡಿದ ತಾಮ್ರದ ಹಾಳೆ) ಟ್ರೇಸ್‌ನ ಅಡಿಯಲ್ಲೇ ಹರಿಯುತ್ತಿರುತ್ತದೆ. 6ನೇ ಪದರಕ್ಕೆ ಇಳಿದ ಮೇಲೆ ಅದು 5 ಮತ್ತು 7ನೇ ಪದರಗಳಲ್ಲಿರಬೇಕು. 2ರಿಂದ 5ಕ್ಕೆ ದಾಟಲು ಹತ್ತಿರದ ಗ್ರೌಂಡ್ ವಯಾ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಅದು 5 ಮಿ.ಮೀ. ಆಚೆಗಿದ್ದರೆ ಲೂಪ್ 5 ಮಿ.ಮೀ. ಅಗಲವಾಯಿತು. ಪಕ್ಕದ ಸಿಗ್ನಲ್‌ನ ಲೂಪ್ ಕೂಡ ಅದೇ ಗ್ರೌಂಡ್ ವಯಾವನ್ನು ಬಳಸುತ್ತಿದ್ದರೆ ಎರಡೂ ಲೂಪ್‌ಗಳು ಬಹುತೇಕ ಒಂದರ ಮೇಲೊಂದು ಕುಳಿತಂತೆ. ಒಂದರ ಕಾಂತಕ್ಷೇತ್ರವೆಲ್ಲ ಇನ್ನೊಂದರೊಳಗೇ ಹಾಯುತ್ತದೆ.

ಇದನ್ನು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ. ಸಿಗ್ನಲ್‌ಗಳನ್ನು ಕ ಮತ್ತು ಖ ಎನ್ನೋಣ. ವಯಾದ ಒಂದು ಮಿ.ಮೀ. ಉದ್ದಕ್ಕೆ ಪರಸ್ಪರ ಇಂಡಕ್ಟನ್ಸ್, ನ್ಯಾನೋಹೆನ್ರಿಯಲ್ಲಿ:

0.2 × ಸ್ವಾಭಾವಿಕ ಲಾಗ್ [(ಕ ವಯಾದಿಂದ ಖದ ಗ್ರೌಂಡ್‌ಗೆ ದೂರ × ಖ ವಯಾದಿಂದ ಕದ ಗ್ರೌಂಡ್‌ಗೆ ದೂರ) ÷ (ಕ–ಖ ನಡುವಿನ ದೂರ × ಎರಡು ಗ್ರೌಂಡ್‌ಗಳ ನಡುವಿನ ದೂರ)]

ಇಬ್ಬರಿಗೂ ಒಂದೇ ಗ್ರೌಂಡ್ ವಯಾ ಆಗಿದ್ದರೆ ಕೊನೆಯ ದೂರದ ಜಾಗದಲ್ಲಿ ಆ ವಯಾದ ತ್ರಿಜ್ಯ ಹಾಕಿ. ಸಮಾಂತರ ಪ್ಲೇನ್‌ಗಳ ನಡುವೆ ಕ್ಷೇತ್ರ ಎತ್ತರದ ಜೊತೆ ಬದಲಾಗದಿರುವುದರಿಂದ, ಅಂತರಗಳು ತರಂಗಾಂತರಕ್ಕಿಂತ ಬಹಳ ಚಿಕ್ಕದಾಗಿರುವವರೆಗೆ ಈ ಅಂದಾಜು ಚೆನ್ನಾಗಿ ಹೊಂದುತ್ತದೆ. ನಿಜವಾದ ಬೋರ್ಡಿನಲ್ಲಿ ಗ್ರೌಂಡ್ ವಯಾಗಳೆಲ್ಲ ಪ್ಲೇನ್‌ನಲ್ಲಿ ಕೂಡಿರುತ್ತವೆ, ಕರೆಂಟ್ ಹಂಚಿಹೋಗುತ್ತದೆ. ಹಾಗಾಗಿ ಕೆಳಗಿನ ಅಂಕಿಗಳನ್ನು ಒಂದು ಜೋಡಣೆಯನ್ನು ಇನ್ನೊಂದರೊಡನೆ ಹೋಲಿಸಲು ಬಳಸಿ, ಅಂತಿಮ ಉತ್ತರವೆಂದು ಹಿಡಿಯಬೇಡಿ.

ಡ್ರಿಲ್ 0.25 ಮಿ.ಮೀ. ಎಂದುಕೊಳ್ಳೋಣ, ಅಂದರೆ ತ್ರಿಜ್ಯ 0.125. 6ನೇ ಪದರಕ್ಕೆ ಇಳಿಯುವ ಉದ್ದ 1.2 ಮಿ.ಮೀ. ಸಿಗ್ನಲ್ 1 ವೋಲ್ಟ್, 50 ಓಮ್ ಲೈನ್, ರೈಸ್ ಟೈಮ್ 100 ಪಿಕೋಸೆಕೆಂಡ್. ಕರೆಂಟ್ 20 ಮಿಲಿಆಂಪಿಯರ್ ಬದಲಾಗುತ್ತದೆ, ಬದಲಾವಣೆಯ ವೇಗ ನ್ಯಾನೋಸೆಕೆಂಡಿಗೆ 0.2 ಆಂಪಿಯರ್.

ನಿಮ್ಮ ಈಗಿನ ಸ್ಥಿತಿಯಂತೆ ಇಬ್ಬರಿಗೂ ಒಂದೇ ಗ್ರೌಂಡ್ ವಯಾ, ಅದು ಇಬ್ಬರಿಂದಲೂ 5 ಮಿ.ಮೀ. ದೂರ ಎಂದಿಟ್ಟುಕೊಂಡರೆ, ಮಿ.ಮೀ.ಗೆ 1.06 ನ್ಯಾನೋಹೆನ್ರಿ, ಒಟ್ಟು 1.27. ಹುಟ್ಟುವ ವೋಲ್ಟೇಜ್ ಸುಮಾರು 254 ಮಿಲಿವೋಲ್ಟ್, ಅದು ಎರಡೂ ತುದಿಗಳಿಗೆ ಹಂಚಿಹೋದರೆ ತುದಿಯೊಂದಕ್ಕೆ 127. ನೀವು ಅಳೆದದ್ದು ಇದೇ ಆಸುಪಾಸಿನಲ್ಲಿದೆ.

ಈಗ ಗ್ರೌಂಡನ್ನು ಅಲ್ಲೇ ಬಿಟ್ಟು ಕ ಮತ್ತು ಖ ನಡುವಿನ ಅಂತರವನ್ನು ಮಾತ್ರ 2 ಮಿ.ಮೀ. ಮಾಡಿ. ಲಾಗ್‌ನೊಳಗಿನ ಸಂಖ್ಯೆ 200ರಿಂದ 100ಕ್ಕೆ ಇಳಿಯುತ್ತದೆ, ಆದರೆ ಲಾಗ್ 5.3ರಿಂದ 4.6ಕ್ಕೆ ಮಾತ್ರ. ಅಂತರ ದುಪ್ಪಟ್ಟಾದರೂ ಕ್ರಾಸ್‌ಟಾಕ್ ಇಳಿದದ್ದು ಶೇ. 13. ದೂರ ಸರಿಸುವುದರಿಂದ ಹೆಚ್ಚೇನೂ ಸಿಗುವುದಿಲ್ಲ ಎಂದದ್ದು ಇದಕ್ಕೇ. ಟ್ರೇಸ್‌ಗಳಲ್ಲಿ ಅಂತರ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಅಡಿಯಲ್ಲೇ ಪ್ಲೇನ್ ಇರುವುದರಿಂದ. ವಯಾಗೆ ಅಂಥ ಪ್ಲೇನ್ ಇಲ್ಲ. ಅದನ್ನು ನಾವೇ ಗ್ರೌಂಡ್ ವಯಾ ರೂಪದಲ್ಲಿ ಒದಗಿಸಬೇಕು.

ಒದಗಿಸಿದರೆ ಏನಾಗುತ್ತದೆ? ಕ ಮತ್ತು ಖ ಮೊದಲಿನಂತೆ 1 ಮಿ.ಮೀ. ಅಂತರದಲ್ಲೇ ಇರಲಿ. ಒಂದೇ ಸಾಲಿನಲ್ಲಿ ಎರಡೂ ಹೊರಬದಿಗಳಲ್ಲಿ 1 ಮಿ.ಮೀ. ದೂರಕ್ಕೆ ಒಂದೊಂದು ಗ್ರೌಂಡ್ ವಯಾ ಹಾಕಿ: ಗ್ರೌಂಡ್, ಕ, ಖ, ಗ್ರೌಂಡ್. ಪರಸ್ಪರ ಇಂಡಕ್ಟನ್ಸ್ ಒಟ್ಟು 0.07 ನ್ಯಾನೋಹೆನ್ರಿಗೆ ಇಳಿದು ತುದಿಗೆ ಸುಮಾರು 7 ಮಿಲಿವೋಲ್ಟ್ ಉಳಿಯುತ್ತದೆ. ಎರಡು ಗ್ರೌಂಡ್‌ಗಳನ್ನೂ ಒಂದೇ ಪಕ್ಕದಲ್ಲಿ, ಕದ ಮೇಲೊಂದು ಖದ ಮೇಲೊಂದು ಹಾಕಿದರೆ 17 ಮಿಲಿವೋಲ್ಟ್. ಕದ ಗ್ರೌಂಡ್ ಮೇಲಕ್ಕೆ, ಖದ ಗ್ರೌಂಡ್ ಕೆಳಕ್ಕೆ, ಹೀಗೆ ಎದುರುಬದುರು ದಿಕ್ಕಿನಲ್ಲಿ ಹಾಕಿದರೆ 3ಕ್ಕೂ ಕಡಿಮೆ. ಗ್ರೌಂಡ್ ವಯಾಗಳ ಸಂಖ್ಯೆ ಮೂರರಲ್ಲೂ ಒಂದೇ, ಸಿಗ್ನಲ್‌ನಿಂದ ಇರುವ ದೂರವೂ ಒಂದೇ. ಬದಲಾದದ್ದು ದಿಕ್ಕು ಮಾತ್ರ.

ನೀವು ಕೇಳಿದ ‘ನಡುವೆ ಒಂದು’ ಉಪಾಯವನ್ನೂ ಲೆಕ್ಕಕ್ಕೆ ಹಾಕೋಣ. ಕ, ಗ್ರೌಂಡ್, ಖ ಒಂದೇ ಸಾಲಿನಲ್ಲಿ 1 ಮಿ.ಮೀ. ಅಂತರದಲ್ಲಿವೆ, ಅಂದರೆ ಕ ಮತ್ತು ಖ ನಡುವೆ ಈಗ 2 ಮಿ.ಮೀ. ಇದೆ. ಪರಸ್ಪರ ಇಂಡಕ್ಟನ್ಸ್ 0.33 ನ್ಯಾನೋಹೆನ್ರಿ, ತುದಿಗೆ 33 ಮಿಲಿವೋಲ್ಟ್. 127ಕ್ಕೆ ಹೋಲಿಸಿದರೆ ಒಳ್ಳೆಯದೇ. ಆದರೆ ಅರ್ಧ ಅಂತರದಲ್ಲಿದ್ದು ಸ್ವಂತ ಗ್ರೌಂಡ್ ಹೊಂದಿರುವ ಜೋಡಣೆಗಿಂತ ಸುಮಾರು ಐದು ಪಟ್ಟು ಕೆಟ್ಟದು. ನಡುವಿನ ಗ್ರೌಂಡ್ ವಯಾ ಗೋಡೆಯಂತೆ ತಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇಲ್ಲಿ ಆಗುವುದೇ ಬೇರೆ: ಇಬ್ಬರ ರಿಟರ್ನ್ ಕರೆಂಟೂ ಅದೇ ಒಂದು ಸಣ್ಣ ಕೊಳವೆಯಲ್ಲಿ ಹರಿಯುತ್ತದೆ, ಅದರ ಸ್ವಂತ ಇಂಡಕ್ಟನ್ಸ್ ಮೇಲೆ ಕ ಹುಟ್ಟಿಸುವ ವೋಲ್ಟೇಜ್ ಖ ಲೂಪಿನಲ್ಲೂ ಕಾಣಿಸಿಕೊಳ್ಳುತ್ತದೆ. ಜಾಗವಿದ್ದರೆ ಗ್ರೌಂಡ್, ಕ, ಗ್ರೌಂಡ್, ಖ, ಗ್ರೌಂಡ್ ಎಂದು ಹಾಕಿ. ಎಲ್ಲಕ್ಕೂ ಜಾಗ ಸಾಲದೆ ಹೋದಾಗ ಮೊದಲು ಹೊರಬದಿಯವನ್ನು ಸೇರಿಸಿ.

ಗ್ರೌಂಡ್ ಪಕ್ಕಕ್ಕೆ ಬಂದಾಗ ಅಂತರಕ್ಕೂ ಬೆಲೆ ಬರುತ್ತದೆ. ಸಿಗ್ನಲ್ ಮತ್ತು ಅದರ ಗ್ರೌಂಡ್ ಒಂದು ಬಿಗಿಯಾದ ಜೋಡಿಯಾದ ಮೇಲೆ ಕಪ್ಲಿಂಗ್ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ: ಜೋಡಿಗಳ ನಡುವಿನ ದೂರ ದುಪ್ಪಟ್ಟಾದರೆ ಕಾಲು ಭಾಗ. ಗ್ರೌಂಡ್ ದೂರವಿದ್ದಾಗ ಶೇ. 13 ಮಾತ್ರ ಕೊಟ್ಟ ಅದೇ ಹೆಜ್ಜೆ ಈಗ ಶೇ. 75 ಕೊಡುತ್ತದೆ. ಹಾಗಾಗಿ ಕ್ರಮ ಮುಖ್ಯ: ಮೊದಲು ಗ್ರೌಂಡ್ ವಯಾ, ಆಮೇಲೆ ಅಂತರ.

ಬ್ಯಾಕ್‌ಡ್ರಿಲ್ ವಿಷಯ ಬೇಗ ಮುಗಿಯುತ್ತದೆ. 6ನೇ ಪದರದಿಂದ ಕೆಳಗೆ ಉಳಿಯುವ ಸ್ಟಬ್ (ವಯಾದ ಬಳಕೆಯಾಗದ ತುದಿ) 0.4 ಮಿ.ಮೀ. ಅದರ ಕಾಲು ತರಂಗಾಂತರದ ಅನುರಣನ 90 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಪ್ಯಾಡ್‌ಗಳ ಕೆಪ್ಯಾಸಿಟನ್ಸ್ ಅದನ್ನು ಒಂದಿಷ್ಟು ಕೆಳಕ್ಕೆ ಎಳೆದರೂ ನಿಮ್ಮ 100 ಪಿಕೋಸೆಕೆಂಡ್ ಎಡ್ಜ್‌ನ 3.5 ಗಿಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೂ ಅದಕ್ಕೂ ಸಂಬಂಧವಿಲ್ಲ. ಅನುರಣನಕ್ಕಿಂತ ಬಹಳ ಕೆಳಗೆ ಸ್ಟಬ್‌ನಲ್ಲಿ ಕರೆಂಟ್ ಹೆಚ್ಚು ಹರಿಯುವುದೂ ಇಲ್ಲ, ಅಲ್ಲಿ ಉಳಿಯುವುದು ಅಲ್ಪ ಕೆಪ್ಯಾಸಿಟಿವ್ ಕಪ್ಲಿಂಗ್ ಮಾತ್ರ. ಮೂರು–ನಾಲ್ಕು ಮಿ.ಮೀ. ದಪ್ಪದ ಬ್ಯಾಕ್‌ಪ್ಲೇನ್‌ಗಳಲ್ಲಿ ಈ ಮಾತು ಬೇರೆ.

ಆದರೆ ಇದೇ ಸಂಗತಿಯಲ್ಲಿ ಒಂದು ಪ್ರಯೋಜನವಿದೆ. ಇಂಡಕ್ಟಿವ್ ಕಪ್ಲಿಂಗ್ ನಡೆಯುವುದು ಎರಡೂ ವಯಾಗಳಲ್ಲಿ ಕರೆಂಟ್ ಜೊತೆಯಾಗಿ ಇಳಿಯುವ ಉದ್ದದಲ್ಲಿ ಮಾತ್ರ. ಖವನ್ನು 6ರ ಬದಲು 3ನೇ ಪದರದಲ್ಲಿ ಓಡಿಸಿದರೆ, 1ರಿಂದ 3ಕ್ಕೆ ಇಳಿತ 0.3 ಮಿ.ಮೀ. ಇದ್ದಲ್ಲಿ, ಜೊತೆಯ ಉದ್ದ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೂ ಒಂದು ಲಾಭ: 1ನೇ ಪದರದ ಟ್ರೇಸ್‌ಗೂ 3ನೇ ಪದರದ ಟ್ರೇಸ್‌ಗೂ 2ನೇ ಪದರವೇ ಆಸರೆ, ರಿಟರ್ನ್ ಕರೆಂಟ್ ಅದೇ ತಾಮ್ರದ ಮೇಲ್ಮೈಯಿಂದ ಆಂಟಿಪ್ಯಾಡ್ (ವಯಾ ತಾಗದಂತೆ ಪ್ಲೇನ್‌ನಲ್ಲಿ ಬಿಟ್ಟ) ತೂತಿನ ಅಂಚಿನ ಮೂಲಕ ಕೆಳಮೈಗೆ ಬರುತ್ತದೆ. ಷರತ್ತೊಂದೇ. 2 ಮತ್ತು 3ರ ನಡುವಿನ ಡೈಎಲೆಕ್ಟ್ರಿಕ್ (ನಿರೋಧಕ ವಸ್ತು), 3 ಮತ್ತು 4ರ ನಡುವಿನದಕ್ಕಿಂತ ಸ್ಪಷ್ಟವಾಗಿ ತೆಳುವಾಗಿರಬೇಕು. ಸಮನಾಗಿದ್ದರೆ ಅರ್ಧ ಕರೆಂಟ್ 4ನೇ ಪದರದ ಪವರ್ ಪ್ಲೇನ್‌ಗೆ ಹೋಗುತ್ತದೆ.

ಪವರ್ ಪ್ಲೇನ್‌ಗೆ ಹೋದ ರಿಟರ್ನ್ ಕರೆಂಟನ್ನು ಗ್ರೌಂಡ್ ವಯಾ ಹಿಂತಿರುಗಿಸಲಾರದು, ಅದು ಆ ಪ್ಲೇನ್‌ಗೆ ತಾಗುವುದೇ ಇಲ್ಲ. ಪಕ್ಕದಲ್ಲಿ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಇಟ್ಟರೆ ಸಾಕು ಎಂದು ಹಲವರು ಹೇಳುತ್ತಾರೆ. ಪ್ಯಾಡ್, ವಯಾ ಎಲ್ಲ ಸೇರಿ ಅದರ ಇಂಡಕ್ಟನ್ಸ್ 1 ನ್ಯಾನೋಹೆನ್ರಿ ಆದರೆ 16 ಮೆಗಾಹರ್ಟ್ಸ್ ದಾಟಿದ ಮೇಲೆ ಅದು ಇಂಡಕ್ಟರ್‌ನಂತೆ ವರ್ತಿಸುತ್ತದೆ. 1 ಗಿಗಾಹರ್ಟ್ಸ್‌ನಲ್ಲಿ 6.3 ಓಮ್, 3.5 ಗಿಗಾಹರ್ಟ್ಸ್‌ನಲ್ಲಿ 22 ಓಮ್. ವೇಗದ ಸಿಗ್ನಲ್‌ಗಳಿಗೆ ಎರಡೂ ಕಡೆ ಗ್ರೌಂಡೇ ಆಸರೆಯಾಗಿರುವ ಪದರ ಆರಿಸಿ. ನಿಮ್ಮ 6ನೇ ಪದರ ಆ ದೃಷ್ಟಿಯಿಂದ ಒಳ್ಳೆಯ ಆಯ್ಕೆಯೇ.

ಇನ್ನೊಂದು ದಾರಿಯ ಕಪ್ಲಿಂಗ್ ಹತ್ತಿರದ ವಯಾಗಳಿಗೆ ಸೀಮಿತವಲ್ಲ. ಸಿಗ್ನಲ್ ವಯಾ ಎರಡು ಪ್ಲೇನ್‌ಗಳ ನಡುವೆ ಹಾಯುವಾಗ, ಪಕ್ಕದಲ್ಲಿ ಗ್ರೌಂಡ್ ಇಲ್ಲದಿದ್ದರೆ, ಪ್ಲೇನ್‌ಗಳ ನಡುವೆ ವೃತ್ತಾಕಾರದ ಅಲೆಯೊಂದನ್ನು ಎಬ್ಬಿಸುತ್ತದೆ. ಅದು ದೂರದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಕ್ಷೀಣಿಸುವುದರಿಂದ ಬೋರ್ಡಿನ ಇನ್ನೊಂದು ಮೂಲೆಯ ವಯಾವನ್ನೂ ತಟ್ಟುತ್ತದೆ. ಅಂಚಿಗೆ ಹೊಡೆದು ಹಿಂತಿರುಗಿ ಅನುರಣನವಾಗುತ್ತದೆ: 100 ಮಿ.ಮೀ. ಚೌಕದ ಬೋರ್ಡ್, ಡೈಎಲೆಕ್ಟ್ರಿಕ್ ಸ್ಥಿರಾಂಕ 4.2 ಆದರೆ ಮೊದಲನೆಯದು ಸುಮಾರು 730 ಮೆಗಾಹರ್ಟ್ಸ್. ಪಕ್ಕದ ಗ್ರೌಂಡ್ ವಯಾ ಇದನ್ನೂ ಹುಟ್ಟುವ ಜಾಗದಲ್ಲೇ ತಗ್ಗಿಸುತ್ತದೆ, ಏಕೆಂದರೆ ಇಳಿಯುವ ಮತ್ತು ಏರುವ ಕರೆಂಟ್‌ಗಳ ಅಲೆಗಳು ದೂರದಲ್ಲಿ ಒಂದನ್ನೊಂದು ಅಳಿಸುತ್ತವೆ. ಉಳಿದದ್ದಕ್ಕೆ ಗ್ರೌಂಡ್ ಪ್ಲೇನ್‌ಗಳನ್ನು ತರಂಗಾಂತರದ ಹತ್ತನೇ ಒಂದು ಭಾಗದೊಳಗೆ ವಯಾಗಳಿಂದ ಹೊಲಿಯಿರಿ. 3.5 ಗಿಗಾಹರ್ಟ್ಸ್‌ಗೆ ಎಫ್‌ಆರ್-4ರಲ್ಲಿ ಅದು 4 ಮಿ.ಮೀ.

ಬಿಜಿಎ ಅಡಿಯಲ್ಲಿ ಗ್ರೌಂಡ್ ವಯಾಗೆ ಜಾಗವೆಲ್ಲಿ ಎಂದು ಕೇಳುತ್ತೀರಿ. ಅದು ಲೇಔಟ್‌ನಲ್ಲಲ್ಲ, ಪಿನ್ ಹಂಚಿಕೆಯಲ್ಲಿ ತೀರ್ಮಾನವಾಗುತ್ತದೆ. ಎಫ್‌ಪಿಜಿಎಯಲ್ಲಿ ಬ್ಯಾಂಕಿನೊಳಗೆ (ಪಿನ್‌ಗಳ ಗುಂಪು) ಪಿನ್ ಬದಲಿಸುವ ಸ್ವಾತಂತ್ರ್ಯವಿದೆ. ವೇಗದ ಎಡ್ಜ್‌ನ ಸಿಗ್ನಲ್‌ಗಳನ್ನು ಗ್ರೌಂಡ್ ಬಾಲ್‌ಗೆ ಅಂಟಿಕೊಂಡ ಪಿನ್‌ಗಳಿಗೆ ಕೊಡಿ, ರೀಸೆಟ್, ಎಲ್‌ಇಡಿ, ಕಾನ್ಫಿಗರೇಷನ್‌ನಂಥ ನಿಧಾನದವನ್ನು ಉಳಿದ ಕಡೆ ಹಾಕಿ. ಎಫ್‌ಪಿಜಿಎ ತಯಾರಕ ಝೈಲಿಂಕ್ಸ್ ತನ್ನ ವರ್ಟೆಕ್ಸ್-4 ಪ್ಯಾಕೇಜುಗಳಲ್ಲಿ ಪ್ರತಿ ಸಿಗ್ನಲ್ ಪಿನ್ ಪಕ್ಕದಲ್ಲೂ ಪವರ್ ಅಥವಾ ಗ್ರೌಂಡ್ ಪಿನ್ ಬರುವಂತೆ ಹರಡಿದ್ದು ಇದೇ ಲೂಪ್‌ಗಳನ್ನು ಕುಗ್ಗಿಸಲು. ಬಳಸದೆ ಉಳಿದ ಪಿನ್‌ಗಳನ್ನು ಬೋರ್ಡಿನಲ್ಲಿ ಗ್ರೌಂಡ್‌ಗೆ ಕಟ್ಟಿ, ಅವುಗಳ ವಯಾಗಳೂ ರಿಟರ್ನ್ ದಾರಿಯಾಗುತ್ತವೆ. ಆದರೆ ಹಾಗೆ ಕಟ್ಟಿದ ಪಿನ್ ಯಾವ ಸ್ಥಿತಿಯಲ್ಲೂ ಔಟ್‌ಪುಟ್ ಆಗಿ ಹೈಗೆ ಹೋಗದಂತೆ ಕಾನ್ಫಿಗರ್ ಮಾಡಿ.

ಆಂಟಿಪ್ಯಾಡ್ ಗಾತ್ರದಲ್ಲೂ ಎಚ್ಚರ ಬೇಕು. 1 ಮಿ.ಮೀ. ಪಿಚ್‌ನಲ್ಲಿ ಪ್ಯಾಡ್ 0.5, ಆಂಟಿಪ್ಯಾಡ್ 0.75 ಇದ್ದರೆ ನಡುವೆ 0.25 ಮಿ.ಮೀ. ತಾಮ್ರ ಉಳಿಯುತ್ತದೆ. ಲೈಬ್ರರಿಯ ವಯಾದಲ್ಲಿ ಆಂಟಿಪ್ಯಾಡ್ 1 ಮಿ.ಮೀ. ಎಂದಿದ್ದರೆ ತೂತುಗಳೆಲ್ಲ ಕೂಡಿಕೊಂಡು ಪ್ಲೇನ್‌ನಲ್ಲಿ ಉದ್ದನೆಯ ಸೀಳು ಬೀಳುತ್ತದೆ. ರಿಟರ್ನ್ ಕರೆಂಟ್ ಆ ಸೀಳನ್ನು ಸುತ್ತಿ ಹೋಗಬೇಕಾಗಿ, ನೀವು ಪಕ್ಕದಲ್ಲೇ ಇಟ್ಟ ಗ್ರೌಂಡ್ ವಯಾದ ಪ್ರಯೋಜನ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಸಾಲುಗಳ ನಡುವೆ ಓಡುವ ಟ್ರೇಸ್‌ನ ಅಡಿಯಲ್ಲೂ ತಾಮ್ರ ಇರಬೇಕು, 0.1 ಮಿ.ಮೀ. ಪಟ್ಟಿಯ ಮೇಲೆ 0.125 ಅಗಲದ ಟ್ರೇಸ್ ಓಡಿಸಿದರೆ ಅದರ ಅಂಚು ಆಂಟಿಪ್ಯಾಡ್ ಮೇಲೆ ಚಾಚಿ, ಪಕ್ಕದ ವಯಾದಿಂದ ನೇರವಾಗಿ ಕಪ್ಲಿಂಗ್ ಹಿಡಿಯುತ್ತದೆ. ಗ್ರೌಂಡ್ ವಯಾಗಳಿಗೆ ಪ್ಲೇನ್‌ನಲ್ಲಿ ಥರ್ಮಲ್ ರಿಲೀಫ್ (ಬೆಸುಗೆಗೆ ಅನುಕೂಲವಾಗಲೆಂದು ತೆಳು ಕಡ್ಡಿಗಳಿಂದ ಮಾತ್ರ ಸೇರಿಸುವುದು) ಬೇಡ, ನೇರ ಸಂಪರ್ಕ ಕೊಡಿ.

ಡಿಫರೆನ್ಷಿಯಲ್ ಜೋಡಿಗಳಲ್ಲಿ ಪಿ ಮತ್ತು ಎನ್ ಒಂದಕ್ಕೊಂದು ರಿಟರ್ನ್ ಆಗಿರುವುದರಿಂದ ಆರಂಭದಲ್ಲೇ ಅನುಕೂಲವಿದೆ. ಅಲ್ಲಿ ಆಟವೆಲ್ಲ ದಿಕ್ಕಿನದು. 1 ಮಿ.ಮೀ. ಅಂತರದ ಜೋಡಿಗಳೆರಡು ಸಮಾಂತರವಾಗಿ, ಎದುರುಬದುರು 2 ಮಿ.ಮೀ. ದೂರದಲ್ಲಿ ನಿಂತರೆ ಮಿ.ಮೀ.ಗೆ 0.045 ನ್ಯಾನೋಹೆನ್ರಿ. ಅದೇ ಎರಡನೇ ಜೋಡಿಯನ್ನು ಸಾಲಿನುದ್ದಕ್ಕೆ 2 ಮಿ.ಮೀ. ಜಾರಿಸಿ 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿದರೆ 0.0016. ದೂರ ಹೆಚ್ಚಿದ್ದರಿಂದ ಅರ್ಧ ಇಳಿಯಬೇಕಿತ್ತು, ಇಳಿದದ್ದು ಸುಮಾರು 29 ಪಟ್ಟು. ಒಂದು ಜೋಡಿ ಇನ್ನೊಂದಕ್ಕೆ ಲಂಬವಾಗಿದ್ದು, ಅದರ ಎರಡೂ ವಯಾಗಳು ಮೊದಲ ಜೋಡಿಯ ನಡುಗೆರೆಯ ಮೇಲೇ ಬಿದ್ದರೆ ಲೆಕ್ಕದಲ್ಲಿ ಸೊನ್ನೆ. ಕನೆಕ್ಟರ್ ಪಿನ್‌ಔಟ್ ಆರಿಸುವಾಗ ಈ ಎರಡು ಜೋಡಣೆಗಳನ್ನು ಮೊದಲು ಹುಡುಕಿ. ಒಂದು ಜೋಡಿಯ ಪಿ ಮತ್ತು ಎನ್ ಎರಡನ್ನೂ ಸುತ್ತುವರಿದ ಅಂಡಾಕಾರದ ಆಂಟಿಪ್ಯಾಡ್ ಪರವಾಗಿಲ್ಲ, ಎರಡು ಜೋಡಿಗಳ ಆಂಟಿಪ್ಯಾಡ್‌ಗಳು ಮಾತ್ರ ಕೂಡಬಾರದು. ಪಿ ಮತ್ತು ಎನ್ ನಡುವೆ ಸ್ಕ್ಯೂ (ತಲುಪುವ ಸಮಯದ ವ್ಯತ್ಯಾಸ) ಇದ್ದರೆ ಕಾಮನ್-ಮೋಡ್ (ಎರಡರಲ್ಲೂ ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಹುಟ್ಟುತ್ತದೆ, ಅದಕ್ಕೆ ಮೇಲಿನ ಸಿಂಗಲ್-ಎಂಡೆಡ್ ಲೆಕ್ಕವೇ ಅನ್ವಯ. ಹಾಗಾಗಿ ಜೋಡಿಯ ಎರಡೂ ಬದಿಗೆ ಒಂದೊಂದು ಗ್ರೌಂಡ್ ವಯಾ ಇಲ್ಲೂ ಇರಲಿ.

ಬೋರ್ಡ್ ಕಳಿಸುವ ಮುನ್ನ ಸಿಮ್ಯುಲೇಷನ್ ಮಾಡಿ. ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿಯಂಥ ವಿದ್ಯುತ್ಕಾಂತ ಸಿಮ್ಯುಲೇಷನ್ ತಂತ್ರಾಂಶ ಇದ್ದರೆ ಸರಿ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಓಪನ್‌ಇಎಮ್‌ಎಸ್ ಕೂಡ ಈ ಕೆಲಸಕ್ಕೆ ಆಗುತ್ತದೆ. ಸಾಮಾನ್ಯವಾಗಿ ನಡೆಯುವ ತಪ್ಪು ಮಾಡೆಲನ್ನು ತೀರಾ ಚಿಕ್ಕದಾಗಿ ಕತ್ತರಿಸುವುದು. ಹತ್ತಿರದ ಗ್ರೌಂಡ್ ವಯಾ 5 ಮಿ.ಮೀ. ಆಚೆಗಿದ್ದು ನೀವು 3 ಮಿ.ಮೀ.ಗೇ ಕತ್ತರಿಸಿ ಅಂಚಿಗೆ ಲೋಹದ ಗೋಡೆ ಹಾಕಿದರೆ, ಇಲ್ಲದ ಗ್ರೌಂಡ್ ವಯಾಗಳ ಬೇಲಿಯನ್ನೇ ಕಟ್ಟಿದಂತಾಗಿ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಅಂಚನ್ನು ಹೀರುವ ಗಡಿ ಮಾಡಿದರೆ ಪ್ಲೇನ್‌ಗಳ ಅನುರಣನ ಮರೆಯಾಗುತ್ತದೆ, ಅದನ್ನು ಇಡೀ ಬೋರ್ಡಿನ ಪ್ಲೇನ್ ವಿಶ್ಲೇಷಣೆಯಲ್ಲಿ ಬೇರೆಯಾಗಿ ನೋಡಿ. 100 ಪಿಕೋಸೆಕೆಂಡ್ ಎಡ್ಜ್‌ಗೆ 3.5 ಗಿಗಾಹರ್ಟ್ಸ್‌ಗೆ ನಿಲ್ಲಿಸದೆ ಕನಿಷ್ಠ 10ರವರೆಗೆ ಓಡಿಸಿ, ಮೊದಲು ಈಗಿನ ಬೋರ್ಡನ್ನೇ ಮಾಡೆಲ್ ಮಾಡಿ. ನೀವು ಆಸಿಲೋಸ್ಕೋಪ್‌ನಲ್ಲಿ ಕಂಡ ಪಲ್ಸ್ ಅದರಲ್ಲಿ ಬಂದ ಮೇಲೆ ಗ್ರೌಂಡ್ ವಯಾಗಳ ಜಾಗ ಬದಲಿಸುತ್ತಾ ಹೋಗಿ.